ಓಡಿ ಮುಗಿಸಿದ್ದಾಯಿತು, ಇನ್ನು ಸಮಯ ಇಳಿಸೋಣ

ಮೊದಲ ಹಾಫ್ ಮ್ಯಾರಥಾನ್ ಮುಗಿಸಿ ಕೊರಳಿಗೆ ಪದಕ ಬಿದ್ದವರು ಒಂದು ವಾರದೊಳಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮುಂದಿನ ಸಲ ಎಷ್ಟು ಬೇಗ ಮುಗಿಸಬಹುದು? 2020ರ ದೆಹಲಿ ಹಾಫ್ ಮ್ಯಾರಥಾನಿನಲ್ಲಿ ಮಹಾರಾಷ್ಟ್ರದ ಅವಿನಾಶ್ ಸಾಬ್ಳೆ 1 ಗಂಟೆ 30 ಸೆಕೆಂಡಿನಲ್ಲಿ ಗುರಿ ಮುಟ್ಟಿ ರಾಷ್ಟ್ರೀಯ ದಾಖಲೆ ಬರೆದರು. ಕಿ.ಮೀ.ಗೆ 2 ನಿಮಿಷ 52 ಸೆಕೆಂಡಿನ ಓಟ ಅದು. ಕಚೇರಿ, ಮನೆ, ಮಕ್ಕಳ ಶಾಲೆಯ ನಡುವೆ ಬೆಳಗಿನ ಜಾವ ಬಿಡುವು ಮಾಡಿಕೊಂಡು ಓಡುವ ನಮ್ಮಂಥವರ ಪೈಪೋಟಿ ಬೇರೆ. ಎರಡು ಗಂಟೆಯ ಗಡಿಯೊಳಗೆ ಬರಬೇಕು, ವಯೋಮಿತಿ ಪಟ್ಟಿಯಲ್ಲಿ ನಾಲ್ಕು ಸ್ಥಾನ ಮೇಲೇರಬೇಕು, ಅಷ್ಟೇ.

ಹಲವು ವರ್ಷ ಈ ಓಟಗಳಲ್ಲಿ ಪಾಲ್ಗೊಂಡು ನಾನು ಕಂಡುಕೊಂಡದ್ದು ಇಷ್ಟು: ನನ್ನ ಒಳ್ಳೆಯ ಸಮಯಗಳೆಲ್ಲ ಬಂದಿದ್ದು ಆರಂಭದಲ್ಲಿ ಕೈ ಬಿಗಿಹಿಡಿದು ಓಡಿದ ದಿನಗಳಲ್ಲಿ. ಹಾಗೆ ಓಡಲು ಬೇಕಾದ ಸಿದ್ಧತೆ ಹಂತ ಹಂತವಾಗಿ ಇಲ್ಲಿದೆ.

1. ಗುರಿಯನ್ನು ಲೆಕ್ಕದಿಂದ ಗೊತ್ತುಮಾಡಿ

ಆಸೆಯಿಂದ ಹುಟ್ಟಿದ ಗುರಿ ಹದಿನಾಲ್ಕನೇ ಕಿ.ಮೀ.ಗೆ ಕೈಕೊಡುತ್ತದೆ. ಮೊದಲು ಒಂದು 10 ಕಿ.ಮೀ. ಓಟವನ್ನು ಪೂರ್ಣ ಶಕ್ತಿ ಹಾಕಿ ಓಡಿ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆಯಂಥ ಓಟ ಇದಕ್ಕೆ ಚೆನ್ನಾಗಿ ಒದಗುತ್ತದೆ. ಬಂದ ಸಮಯವನ್ನು 2.2ರಿಂದ ಗುಣಿಸಿ. ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ರೂಪಿಸಿದ ಸೂತ್ರದ ಸರಳ ರೂಪವಿದು. 10 ಕಿ.ಮೀ.ಗೆ 50 ನಿಮಿಷ ತೆಗೆದುಕೊಳ್ಳುವವರಿಗೆ ಹಾಫ್ ಮ್ಯಾರಥಾನ್ ಸುಮಾರು 1 ಗಂಟೆ 50 ನಿಮಿಷ. 45 ನಿಮಿಷದವರಿಗೆ ಸುಮಾರು 1 ಗಂಟೆ 39 ನಿಮಿಷ. ವಾರಕ್ಕೆ 40 ಕಿ.ಮೀ.ಗಿಂತ ಕಡಿಮೆ ಓಡುವವರು ಇದಕ್ಕೆ ಎರಡು-ಮೂರು ನಿಮಿಷ ಸೇರಿಸಿಕೊಳ್ಳುವುದು ಕ್ಷೇಮ.

21.0975 ಕಿ.ಮೀ. ದೂರಕ್ಕೆ ಪ್ರತಿ ಕಿ.ಮೀ. ಎಷ್ಟರಲ್ಲಿ ಓಡಬೇಕು?

• 2 ಗಂಟೆಯೊಳಗೆ: 5 ನಿಮಿಷ 41 ಸೆಕೆಂಡ್
• 1 ಗಂಟೆ 50 ನಿಮಿಷದೊಳಗೆ: 5 ನಿಮಿಷ 12 ಸೆಕೆಂಡ್
• 1 ಗಂಟೆ 40 ನಿಮಿಷದೊಳಗೆ: 4 ನಿಮಿಷ 44 ಸೆಕೆಂಡ್
• 1 ಗಂಟೆ 30 ನಿಮಿಷದೊಳಗೆ: 4 ನಿಮಿಷ 15 ಸೆಕೆಂಡ್

ಇಲ್ಲೊಂದು ಸೂಕ್ಷ್ಮವಿದೆ. ಪ್ರಮಾಣೀಕೃತ ಮಾರ್ಗವನ್ನು ಸೈಕಲ್ ಚಕ್ರಕ್ಕೆ ಮಾಪಕ ಜೋಡಿಸಿ, ತಿರುವುಗಳ ಒಳ ಅಂಚಿಗೆ ಹತ್ತಿರವಾಗಿ, ಓಟಗಾರ ಸಾಗಬಹುದಾದ ಅತಿ ಚಿಕ್ಕ ದಾರಿಯಲ್ಲಿ ಅಳೆಯುತ್ತಾರೆ. ದೂರ ಕಡಿಮೆಯಾಗದಿರಲೆಂದು ಕಿ.ಮೀ.ಗೆ ಒಂದು ಮೀಟರ್ ಹೆಚ್ಚೇ ಇಡುತ್ತಾರೆ. ಜನಜಂಗುಳಿಯಲ್ಲಿ ಅತ್ತಿತ್ತ ಸರಿದು ಓಡುವ ನಮ್ಮ ಗಡಿಯಾರದಲ್ಲಿ ಕೊನೆಗೆ 21.3 ಕಿ.ಮೀ. ಕಾಣಿಸಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಗಡಿಯಾರದಲ್ಲಿ ಕಾಣುವ ಪೇಸ್ ಮೇಲಿನ ಲೆಕ್ಕಕ್ಕಿಂತ ಮೂರು ಸೆಕೆಂಡ್ ಚುರುಕಾಗಿರಲಿ. ತಿರುವುಗಳಲ್ಲಿ ಒಳ ಅಂಚು ಹಿಡಿದು ಓಡಿ.

2. ದಾರಿ ನೋಡಿ ಓಟ ಆರಿಸಿ

ಸಮಯ ಇಳಿಸುವ ಉದ್ದೇಶವಿದ್ದರೆ ಸಮತಟ್ಟಾದ ದಾರಿ, ತಂಪು ಹವೆ, ನಸುಕಿನ ಆರಂಭ ಮೂರನ್ನೂ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹವೆ ತಂಪು, ಆದರೆ ರಸ್ತೆ ಏರಿಳಿತದ್ದು. ಚೆನ್ನೈಯಲ್ಲಿ ರಸ್ತೆ ಸಮತಟ್ಟಾಗಿದ್ದರೂ ಗಾಳಿಯ ತೇವಕ್ಕೆ ಬೆವರು ಆರುವುದಿಲ್ಲ, ಮೈ ಬಿಸಿ ಇಳಿಯುವುದಿಲ್ಲ. ಶ್ರೀರಂಗಪಟ್ಟಣದ ಬಳಿ ನಾಲೆಯ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನಿನಂಥ ಮಣ್ಣಿನ ದಾರಿಯ ಓಟಗಳಿಗೆ ಆನಂದಕ್ಕಾಗಿ ಹೋಗಿ. ದಾಖಲೆ ಅಲ್ಲಿ ಹುಡುಕಬೇಡಿ.

3. ಹನ್ನೆರಡು ವಾರದ ತಯಾರಿ

ವಾರಕ್ಕೆ ನಾಲ್ಕೈದು ದಿನದ ಓಟ, ಒಟ್ಟು 40ರಿಂದ 60 ಕಿ.ಮೀ. ಸಾಕು. ಅದರಲ್ಲಿ ಮುಕ್ಕಾಲು ಪಾಲು ಆರಾಮದ ಓಟವಾಗಿರಲಿ, ಪಕ್ಕದವರೊಡನೆ ಹರಟೆ ಹೊಡೆಯುವಷ್ಟು ಆರಾಮ. ಉಳಿದದ್ದು ಹೀಗೆ:

ಮಂಗಳವಾರ, ಇಂಟರ್ವಲ್: ನಿಮ್ಮ 10 ಕಿ.ಮೀ. ಓಟದ ವೇಗದಲ್ಲಿ 1 ಕಿ.ಮೀ.ಯನ್ನು ಐದು ಸಲ, ನಡುವೆ ಎರಡು-ಮೂರು ನಿಮಿಷ ನಿಧಾನದ ಜಾಗಿಂಗ್. 400 ಮೀಟರ್ ಟ್ರ್ಯಾಕಿನಲ್ಲಾದರೆ ಎರಡೂವರೆ ಸುತ್ತಿಗೆ ಒಂದು ಕಿ.ಮೀ.

ಗುರುವಾರ, ಟೆಂಪೊ: 20ರಿಂದ 35 ನಿಮಿಷ, ಒಂದು ಉಸಿರಿಗೆ ಮೂರು-ನಾಲ್ಕು ಪದ ಮಾತ್ರ ಹೊರಡುವ ವೇಗ. ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟನ್ನು ದೇಹ ಅಷ್ಟೇ ಬೇಗ ಬಳಸಿಕೊಳ್ಳಬಲ್ಲ ಒಂದು ಗಡಿಯಿದೆ. ಹಾಫ್ ಮ್ಯಾರಥಾನ್ ಓಡುವುದು ಆ ಗಡಿಯ ಸ್ವಲ್ಪ ಕೆಳಗೆ. ಗಡಿ ಮೇಲೇರಿದರೆ ಅದೇ ಶ್ರಮಕ್ಕೆ ವೇಗ ಹೆಚ್ಚುತ್ತದೆ. ಒಂದೇ ಅಭ್ಯಾಸ ಉಳಿಸಿಕೊಳ್ಳಬೇಕೆಂದರೆ ನಾನು ಟೆಂಪೊ ಉಳಿಸಿಕೊಳ್ಳುತ್ತೇನೆ.

ಭಾನುವಾರ, ಲಾಂಗ್ ರನ್: 14 ಕಿ.ಮೀ.ಯಿಂದ ಆರಂಭಿಸಿ 20ರವರೆಗೆ, ಗುರಿಯ ಪೇಸ್‌ಗಿಂತ ಕಿ.ಮೀ.ಗೆ 45ರಿಂದ 60 ಸೆಕೆಂಡ್ ನಿಧಾನವಾಗಿ. ವಾರ ಬಿಟ್ಟು ವಾರ ಕೊನೆಯ 4-5 ಕಿ.ಮೀ.ಯನ್ನು ಗುರಿಯ ಪೇಸ್‌ನಲ್ಲೇ ಓಡಿ. ದಣಿದ ಕಾಲುಗಳಿಗೆ ವೇಗ ಕಲಿಸುವುದು ಇದೇ.

ನಾಲ್ಕು ವಾರಕ್ಕೊಮ್ಮೆ ಒಟ್ಟು ದೂರವನ್ನು ಕಾಲು ಭಾಗ ಇಳಿಸಿ. ವಾರದಲ್ಲಿ ಎರಡು ದಿನ ಬಸ್ಕಿ, ಒಂಟಿಕಾಲಿನ ಕಸರತ್ತು, ಹಿಮ್ಮಡಿ ಎತ್ತುವ ಕಸರತ್ತಿಗೆ ಇಪ್ಪತ್ತು ನಿಮಿಷ ಕೊಡಿ. ನಸುಕಿನಲ್ಲಿ ಓಡುವವರು ಹೊಳೆಯುವ ಪಟ್ಟಿಯ ಬಟ್ಟೆ ಧರಿಸಿ, ವಾಹನಗಳಿಗೆ ಎದುರಾಗಿ ರಸ್ತೆಯ ಬಲಬದಿಯಲ್ಲಿ ಓಡಿ. ಬೀದಿನಾಯಿಗಳು ಬೆನ್ನಟ್ಟಿದರೆ ನಡಿಗೆಗೆ ಇಳಿಯಿರಿ.

4. ಕೊನೆಯ ಎರಡು ವಾರ

ಈಗ ಹೊಸದಾಗಿ ಗಳಿಸುವುದೇನೂ ಇಲ್ಲ. ಮೊದಲ ವಾರ ದೂರವನ್ನು ಮೂರನೇ ಒಂದು ಭಾಗ, ಓಟದ ವಾರ ಅರ್ಧಕ್ಕೂ ಹೆಚ್ಚು ಇಳಿಸಿ. ವೇಗ ಮಾತ್ರ ಪೂರ್ತಿ ಬಿಡಬೇಡಿ. ಓಟಕ್ಕೆ ನಾಲ್ಕು ದಿನ ಮೊದಲು ಗುರಿಯ ಪೇಸ್‌ನಲ್ಲಿ 3 ಕಿ.ಮೀ. ಓಡಿದರೆ ಕಾಲಿಗೆ ಲಯ ನೆನಪಿರುತ್ತದೆ. ಈ ದಿನಗಳಲ್ಲಿ ಕಾಲು ಭಾರವೆನಿಸುವುದು, ಇಲ್ಲದ ನೋವು ಕಾಣಿಸುವುದು ಸಹಜ. ಬಿಬ್ ತರಲು ಹೋದಾಗ ಮಳಿಗೆಯಲ್ಲಿ ಕಂಡ ಹೊಸ ಶೂ ಕೊಂಡರೂ ಪರವಾಗಿಲ್ಲ, ಓಟಕ್ಕೆ ಹಾಕಬೇಡಿ. ಕಾರ್ಬನ್ ಪ್ಲೇಟ್ ಶೂ ಹಾಕುವವರು ಮೊದಲೇ ಎರಡು-ಮೂರು ವೇಗದ ಅಭ್ಯಾಸಗಳಲ್ಲಿ ಅದನ್ನು ಪಳಗಿಸಿಕೊಂಡಿರಬೇಕು.

5. ಹೊಟ್ಟೆಯ ಲೆಕ್ಕ

ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರಿನ ಊಟ ಬೇಗ ಮುಗಿಸಿ. ಕಾಳುಪಲ್ಯ, ಸೊಪ್ಪು, ಖಾರದ ಗೊಜ್ಜು, ಹೋಟೆಲಿನ ಬಿರಿಯಾನಿ ಓಟದ ನಂತರಕ್ಕಿರಲಿ. ಆರಂಭಕ್ಕೆ ಎರಡು ಗಂಟೆ ಮೊದಲು ಬಾಳೆಹಣ್ಣು, ಜಾಮ್ ಸವರಿದ ಬ್ರೆಡ್ ಅಥವಾ ಎರಡು ಇಡ್ಲಿ. ಕಾಫಿ ಅಭ್ಯಾಸವಿದ್ದರೆ ಕುಡಿಯಿರಿ.

ಓಟ ಒಂದೂವರೆ ಗಂಟೆ ದಾಟುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ನೆರವಾಗುತ್ತದೆ. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20-25 ಗ್ರಾಂ ಇರುತ್ತದೆ. ಎರಡು ಗಂಟೆಯ ಓಟಗಾರರು 40ನೇ ನಿಮಿಷಕ್ಕೊಂದು, 80ನೇ ನಿಮಿಷಕ್ಕೊಂದು ಜೆಲ್ ಅನ್ನಾದರೂ ನೀರಿನ ಜತೆ ತೆಗೆದುಕೊಳ್ಳಲಿ. ಲಾಂಗ್ ರನ್‌ನಲ್ಲಿ ತಿಂದು ನೋಡದ ಜೆಲ್ ಬೇಡ. ನೀರು ಬಾಯಾರಿಕೆಗೆ ತಕ್ಕಷ್ಟು ಸಾಕು. ಪ್ರತಿ ಮೇಜಿನಲ್ಲೂ ಹೊಟ್ಟೆ ತುಂಬ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಅಪಾಯವಾಗಬಹುದು. ಓಟದ ಮುನ್ನ ನೋವಿನ ಮಾತ್ರೆ ನುಂಗುವ ರೂಢಿ ಬಿಡಿ. ದೇಹದ ನೀರು ಇಳಿದಾಗ ಇಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆ.

6. ಓಟದ ಬೆಳಿಗ್ಗೆ

ಒಂದು ಗಂಟೆ ಮೊದಲೇ ಮೈದಾನ ತಲುಪಿ. ಶೌಚಾಲಯದ ಸಾಲು, ಬ್ಯಾಗ್ ಇಡುವ ಸಾಲು ಎರಡೂ ಉದ್ದವಿರುತ್ತವೆ. ಹತ್ತು ನಿಮಿಷ ಜಾಗಿಂಗ್ ಮಾಡಿ, 80-100 ಮೀಟರಿನ ನಾಲ್ಕು ಚುರುಕಾದ ಓಟ ಓಡಿ. ಆರಂಭದ ಗೆರೆಯಲ್ಲಿ ನಿಮ್ಮ ಸಮಯಕ್ಕೆ ತಕ್ಕ ಜಾಗದಲ್ಲೇ ನಿಲ್ಲಿ. ಚಿಪ್ ಸಮಯ ನೀವು ಗೆರೆ ದಾಟಿದ ಮೇಲಷ್ಟೇ ಶುರುವಾಗುವುದರಿಂದ ಹಿಂದೆ ನಿಂತರೆ ನಷ್ಟವಿಲ್ಲ. ಆದರೆ ವಿಜೇತರ ಪಟ್ಟಿಗೆ ಕೆಲವು ಓಟಗಳಲ್ಲಿ ಗನ್ ಸಮಯವೇ ಲೆಕ್ಕ. ವಯೋಮಿತಿ ಬಹುಮಾನದ ಮೇಲೆ ಕಣ್ಣಿಟ್ಟವರು ನಿಯಮ ಓದಿರಬೇಕು.

7. 21 ಕಿ.ಮೀ.ಯನ್ನು ನಾಲ್ಕಾಗಿ ಒಡೆಯಿರಿ

ಮೊದಲ 3 ಕಿ.ಮೀ.: ಗುರಿಯ ಪೇಸ್‌ಗಿಂತ ಐದಾರು ಸೆಕೆಂಡ್ ನಿಧಾನ. ಇಲ್ಲಿ ಹೋಗುವುದು ಒಟ್ಟು ಹದಿನೈದು-ಇಪ್ಪತ್ತು ಸೆಕೆಂಡ್ ಮಾತ್ರ. ಇದೇ ಭಾಗವನ್ನು ಅಬ್ಬರದಲ್ಲಿ ಓಡಿದರೆ ಕೊನೆಯಲ್ಲಿ ತೆರಬೇಕಾದದ್ದು ನಿಮಿಷಗಳಲ್ಲಿ. ನೂರಾರು ಜನ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ.

4ರಿಂದ 10: ಗುರಿಯ ಪೇಸ್ ಹಿಡಿಯಿರಿ. ನಿಮ್ಮ ವೇಗದ ಗುಂಪೊಂದು ಸಿಕ್ಕರೆ ಅದರೊಳಗೆ ಸೇರಿ, ಎದುರುಗಾಳಿಯ ಕಾಟ ತಪ್ಪುತ್ತದೆ. ಫ್ಲೈಓವರ್ ಏರುವಾಗ ಗಡಿಯಾರ ನೋಡಬೇಡಿ. ಉಸಿರು ಒಂದೇ ಸಮ ಇರಲಿ, ಇಳಿಜಾರಿನಲ್ಲಿ ಸಮಯ ತಾನಾಗಿ ಮರಳುತ್ತದೆ. ಹತ್ತು ಕಿ.ಮೀ. ಫಲಕದ ಬಳಿ ‘ಇಷ್ಟು ನಿಧಾನವೇ’ ಎನಿಸಿದರೆ ಸರಿಯಾದ ದಾರಿಯಲ್ಲಿದ್ದೀರಿ.

11ರಿಂದ 16: ಹಾಫ್ ಮ್ಯಾರಥಾನಿನ ಕಷ್ಟದ ಭಾಗವಿದು. ಆರಂಭದ ಹುರುಪು ಇಳಿದಿರುತ್ತದೆ, ಗುರಿ ಇನ್ನೂ ದೂರ. ಅರಿವಿಲ್ಲದೆ ಕಿ.ಮೀ.ಗೆ ಹತ್ತು ಸೆಕೆಂಡ್ ಸೋರಿಹೋಗುವುದು ಇಲ್ಲೇ. ಪ್ರತಿ ಕಿ.ಮೀ. ಫಲಕದಲ್ಲೂ ಗಡಿಯಾರ ನೋಡಿ. ಭುಜ ಸಡಿಲಿಸಿ, ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ. ಎರಡು ಗಂಟೆಯ ಗುರಿಯವರು 15 ಕಿ.ಮೀ.ಯನ್ನು 1 ಗಂಟೆ 25 ನಿಮಿಷದ ಆಸುಪಾಸಿನಲ್ಲಿ ದಾಟಿದರೆ ಲೆಕ್ಕ ಸರಿಯಿದೆ.

17ರಿಂದ ಕೊನೆಯವರೆಗೆ: ಈಗ ಉಳಿಸಿಟ್ಟದ್ದನ್ನು ಖರ್ಚು ಮಾಡಿ. ಮುಂದೆ ಕಾಣುವ ಒಬ್ಬ ಓಟಗಾರನನ್ನು ಗುರುತಿಟ್ಟು ಹಿಡಿಯಿರಿ, ದಾಟಿ, ಇನ್ನೊಬ್ಬರನ್ನು ಹುಡುಕಿ. ಆರಂಭದಲ್ಲಿ ದಾಟಿ ಹೋದವರಲ್ಲಿ ಅನೇಕರು ಇಲ್ಲಿ ನಡೆಯುತ್ತಿರುವುದು ಕಾಣುತ್ತದೆ. ಕೊನೆಯ ಒಂದು ಕಿ.ಮೀ.ಯಲ್ಲಿ ಲೆಕ್ಕಾಚಾರ ಬಿಟ್ಟು ಓಡಿ.

8. ನಿಲ್ಲಿಸುವುದು ಯಾವಾಗ?

ಎದೆಯಲ್ಲಿ ಬಿಗಿತ ಅಥವಾ ನೋವು, ತಲೆಸುತ್ತು, ಬಿಸಿಲಲ್ಲೂ ಚಳಿ, ಮಾತು ತೊದಲುವುದು ಇವುಗಳಲ್ಲಿ ಯಾವುದು ಕಂಡರೂ ಓಟ ನಿಲ್ಲಿಸಿ ವೈದ್ಯಕೀಯ ನೆರವು ಕೇಳಿ. ಜ್ವರ ಬಂದು ಬಿಟ್ಟ ವಾರದಲ್ಲಿ ಸ್ಪರ್ಧೆಗೆ ಇಳಿಯಬೇಡಿ. ನಲವತ್ತು ದಾಟಿದವರು, ಮನೆಯಲ್ಲಿ ಹೃದ್ರೋಗದ ಇತಿಹಾಸ ಇರುವವರು ವೇಗದ ತಯಾರಿಗೆ ಮೊದಲೇ ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳಿ.

9. ಓಟದ ನಂತರ

ಗೆರೆ ದಾಟಿದ ಕೂಡಲೇ ಕೂರಬೇಡಿ. ಹತ್ತು ನಿಮಿಷ ನಡೆಯಿರಿ, ಗಂಟೆಯೊಳಗೆ ಒಳ್ಳೆಯ ತಿಂಡಿ ತಿನ್ನಿ. ಒಂದು ವಾರ ನಡಿಗೆ ಮತ್ತು ಆರಾಮದ ಓಟ ಮಾತ್ರ, ಎರಡು ವಾರ ವೇಗದ ಅಭ್ಯಾಸ ಬೇಡ. ಫಲಿತಾಂಶದಲ್ಲಿ 5, 10, 15 ಕಿ.ಮೀ. ಸಮಯಗಳನ್ನು ಬರೆದಿಟ್ಟುಕೊಳ್ಳಿ. ದ್ವಿತೀಯಾರ್ಧ ಮೊದಲಾರ್ಧಕ್ಕಿಂತ ಮೂರು ನಿಮಿಷಕ್ಕೂ ಹೆಚ್ಚು ನಿಧಾನವಾಗಿದ್ದರೆ ಆರಂಭದ ವೇಗ ತಿದ್ದಬೇಕು. ಎರಡೂ ಸಮನಾಗಿದ್ದರೆ ಮುಂದಿನ ಗುರಿಯನ್ನು ಧೈರ್ಯವಾಗಿ ಇಳಿಸಬಹುದು.

ಈಗ ಹೆಚ್ಚುಕಡಿಮೆ ಪ್ರತಿ ಭಾನುವಾರ ಎಲ್ಲಾದರೊಂದು ಓಟ ಇದ್ದೇ ಇರುತ್ತದೆ. ಎಲ್ಲದರಲ್ಲೂ ಜೀವ ಬಿಟ್ಟು ಓಡುವವರಿಗೆ ಪದಕಗಳು ಸೇರುತ್ತವೆ, ಸಮಯ ಇಳಿಯುವುದಿಲ್ಲ. ವರ್ಷಕ್ಕೆ ಎರಡು ಹಾಫ್ ಮ್ಯಾರಥಾನುಗಳನ್ನು ಮನಸ್ಸಿಟ್ಟು ಓಡಿ, ಉಳಿದ ಭಾನುವಾರಗಳನ್ನು ತಯಾರಿಗೆ ಕೊಡಿ. ಹವ್ಯಾಸಿ ಓಟಗಾರರಿಗೆ ಅಷ್ಟು ಸಾಕು.