ಪುರಸಭೆಯ ಖಾಲಿ ಜಾಗ, ಖಾಸಗಿ ಬಂಡವಾಳ

ಪುರಸಭೆಯ ಹಳೆಯ ಮಾರುಕಟ್ಟೆ ಜಾಗ ಪಾಳು ಬಿದ್ದಿದೆ ಎಂದುಕೊಳ್ಳಿ. ಕಟ್ಟಲು ಪುರಸಭೆಯ ಬಳಿ ಹಣವಿಲ್ಲ; ಹಣವಿರುವ ಬಿಲ್ಡರ್ ಬಳಿ ಊರ ನಡುವೆ ಜಾಗವಿಲ್ಲ. ಇಬ್ಬರೂ ಕೈಜೋಡಿಸುವುದೇ ಸಾರ್ವಜನಿಕ-ಖಾಸಗಿ ಸಹಭಾಗಿತ್ವ, ಅಂದರೆ ಪಿಪಿಪಿ. ಬೆಂಗಳೂರಿನ ಮಾಗ್ರತ್ ರಸ್ತೆಯಲ್ಲಿ ಪಾಲಿಕೆಯ ಜಾಗದಲ್ಲಿ ಖಾಸಗಿ ಸಂಸ್ಥೆ ಕಟ್ಟಿದ, 2005ರಲ್ಲಿ ಆರಂಭವಾದ ಗರುಡಾ ಮಾಲ್ ಇದಕ್ಕೊಂದು ಉದಾಹರಣೆ.

ಇಂಥ ಒಪ್ಪಂದದಲ್ಲಿ ಸಾಮಾನ್ಯವಾಗಿ ಜಾಗ ಮಾರಾಟವಾಗುವುದಿಲ್ಲ, ಗುತ್ತಿಗೆಗೆ ಹೋಗುತ್ತದೆ. ಬಿಲ್ಡರ್ ಕಟ್ಟಡ ಕಟ್ಟಿ, ಬಾಡಿಗೆ ಪಡೆದು, ಅವಧಿ ಮುಗಿದಾಗ ಪುರಸಭೆಗೆ ಒಪ್ಪಿಸಬೇಕು.

ಈಗ ಲೆಕ್ಕ ನೋಡೋಣ. 1 ಎಕರೆ ಎಂದರೆ 43,560 ಚದರ ಅಡಿ. ನೆಲದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿಯೇ ಎಫ್‌ಎಆರ್. ಅದು 2 ಇದ್ದರೆ 87,120 ಚದರ ಅಡಿ ಕಟ್ಟಬಹುದು. ಬಾಡಿಗೆ ಬರುವುದು ಇದರಿಂದ. ಬರೀ ನೆಲದ ಲೆಕ್ಕಕ್ಕೆ ಒಪ್ಪಿದರೆ ನಷ್ಟ ಊರಿಗೆ.

ವಿದ್ಯಾರ್ಥಿಗಳೇ, ಒಪ್ಪಂದ ಓದುವಾಗ ನಾಲ್ಕು ಪ್ರಶ್ನೆ ಕೇಳಿ:
1. ಗುತ್ತಿಗೆ ಎಷ್ಟು ವರ್ಷ?
2. ಆದಾಯದಲ್ಲಿ ಪುರಸಭೆಯ ಪಾಲೆಷ್ಟು?
3. ಹಳೆಯ ವ್ಯಾಪಾರಿಗಳಿಗೆ ಮಳಿಗೆ ಸಿಗುವುದೇ?
4. ಕೆಲಸ ಅರ್ಧಕ್ಕೆ ನಿಂತರೆ ಜಾಗ ಮರಳುವುದೇ?

ಒಪ್ಪಂದದ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ನಾಗರಿಕನೂ ಕೇಳಬಹುದು. ಜಾಗ ಪುರಸಭೆಯ ಹೆಸರಿನಲ್ಲಿದ್ದರೂ ಅದು ಊರವರ ಆಸ್ತಿ.