ಹವಾಮಾನ ವೀಕ್ಷಣಾಲಯ ಮತ್ತು ಬಿತ್ತನೆ

ಮೈಸೂರು ಸಂಸ್ಥಾನದಲ್ಲಿ ಹವಾಮಾನ ವೀಕ್ಷಣೆಯನ್ನು 1890ರ ದಶಕದಲ್ಲಿ ವ್ಯವಸ್ಥಿತಗೊಳಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಾದವು.

ವೀಕ್ಷಣಾಲಯದಲ್ಲಿ ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ ಉಷ್ಣಮಾಪಕಗಳಿರುತ್ತವೆ. ಒಣ ಹಾಗೂ ಒದ್ದೆ ಬುರುಡೆಗಳ ಉಷ್ಣತೆಯ ವ್ಯತ್ಯಾಸದಿಂದ ಗಾಳಿಯ ತೇವಾಂಶ ತಿಳಿಯುತ್ತದೆ. ಮಳೆಮಾಪಕವನ್ನು ಬಯಲಿನಲ್ಲಿ, ಮರ ಕಟ್ಟಡಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿ ಇಟ್ಟಿರಬೇಕು. ಪ್ರತಿದಿನ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಅಳೆಯುತ್ತಾರೆ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆಯ ದಿನ. ಮಳೆ ಇಲ್ಲದಿದ್ದರೆ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ತಿಳಿಯದು.

ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಆದರೆ ವೀಕ್ಷಣಾಲಯದಲ್ಲಿ ಬಿದ್ದಷ್ಟೇ ಮಳೆ ಪಕ್ಕದ ಊರಿನ ಹೊಲಕ್ಕೂ ಬಿದ್ದಿರಬೇಕೆಂದಿಲ್ಲ. ಆ ಅಂಕಿಯನ್ನೇ ನಂಬಿ ಬಿತ್ತಿದರೆ, ಮೇಲ್ಮಣ್ಣು ಮಾತ್ರ ನೆಂದ ಹೊಲದಲ್ಲಿ ಮೊಳಕೆ ಒಣಗಿ ಬೀಜ ದಂಡವಾಗುತ್ತದೆ. ಆದ್ದರಿಂದ ರೈತರು ಬಿತ್ತುವ ಮುನ್ನ ಮಣ್ಣು ಅಗೆದು ಹದ ನೋಡಬೇಕು. ಊರಿನಲ್ಲೇ ಒಂದು ಮಳೆಮಾಪಕವಿಟ್ಟು, ಒಂದು ದಿನವೂ ತಪ್ಪದೆ ಲೆಕ್ಕ ಬರೆದಿಡುವುದು ಒಳ್ಳೆಯದು. ಮುಂದಿನ ವರ್ಷಗಳಲ್ಲಿ ಬಿತ್ತನೆಯ ಕಾಲ ನಿರ್ಧರಿಸಲು ಆ ಲೆಕ್ಕದ ಪುಸ್ತಕ ನೆರವಾಗುತ್ತದೆ.