ವರದಿಯಲ್ಲಿ ‘ಎ.ಎಸ್.’ ಎಂದಿದ್ದರೆ ಹೆದರಬೇಕೆ?

“ಡಾಕ್ಟ್ರೇ, ಮಗಳ ರಕ್ತದಲ್ಲೇ ರೋಗ ಇದೆಯಂತೆ. ಗಂಡಿನ ಕಡೆಯವರು ಹಿಂಜರೀತಾ ಇದ್ದಾರೆ” ಎಂದು ಹಾಡಿಯ ತಾಯಿಯೊಬ್ಬರು ಹುಲ್ಲಹಳ್ಳಿಯಲ್ಲಿ ನನ್ನ ಮುಂದೆ ವರದಿ ಇಟ್ಟರು. ಅದರಲ್ಲಿದ್ದುದು ‘ಎ.ಎಸ್.’ ಎಂಬ ಎರಡಕ್ಷರ.

ಇದು ಸಿಕಲ್ ಸೆಲ್ ರಕ್ತಹೀನತೆಯ ಪರೀಕ್ಷೆ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಆದಿವಾಸಿಗಳಲ್ಲಿ ಈ ದೋಷ ಕಂಡುಬರುತ್ತದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಇಂಥ ತಪಾಸಣೆಗೆಂದೇ ಇದೆ.

ಹಿಮೋಗ್ಲೋಬಿನ್ನಿನ ಈ ಗುಣ ತಾಯಿಯಿಂದೊಂದು, ತಂದೆಯಿಂದೊಂದು ಪಾಲಾಗಿ ಬರುತ್ತದೆ. ‘ಎ.ಎ.’ ಎಂದರೆ ಎರಡೂ ಸರಿ. ‘ಎಸ್.ಎಸ್.’ ಎಂದರೆ ರೋಗ: ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತಹೀನತೆ, ತೀವ್ರ ನೋವು ತರುತ್ತವೆ. ‘ಎ.ಎಸ್.’ ಇರುವವರು ವಾಹಕರು ಮಾತ್ರ. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ.

ಹಾಗಾದರೆ ಮದುವೆ? ಹುಡುಗನಿಗೂ ಪರೀಕ್ಷೆ ಮಾಡಿಸಿ. ಅವನ ಹಿಮೋಗ್ಲೋಬಿನ್ನಿನಲ್ಲಿ ಯಾವ ದೋಷವೂ ಇಲ್ಲದಿದ್ದರೆ ಮಕ್ಕಳಿಗೆ ಈ ರೋಗ ಬರುವುದಿಲ್ಲ; ವಾಹಕರಾಗಬಹುದು, ಅಷ್ಟೆ. ಇಬ್ಬರೂ ‘ಎ.ಎಸ್.’ ಆಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ಶೇ. 25. ‘ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಬಾರದು’ ಎಂಬ ಲೆಕ್ಕ ತಪ್ಪು. ಪ್ರತಿ ಬಾರಿಯೂ ಅಷ್ಟೇ ಸಂಭವ. ಅಂಥವರು ಮದುವೆಗೆ ಮುಂಚೆ, ತಪ್ಪಿದರೆ ಬಸಿರಾದ ಕೂಡಲೇ, ವೈದ್ಯರ ಸಲಹೆ ಪಡೆಯಬೇಕು.

ವರದಿಯ ಅಕ್ಷರ ಹೆಣ್ಣಿನ ಮೇಲಿನ ಕಳಂಕವಲ್ಲ. ಅದು ಇಬ್ಬರೂ ಕೂಡಿ ಓದಬೇಕಾದ ಸೂಚನೆ.